ದಿಂಬು ತೆಗೆಸುತ್ತಿದ್ದ ಅಕ್ಕನ ವರ್ಷದ ದಿನ ಬರ್ತಿದೆ, ಏನು ಮಾಡೋಣ ಹೇಳಿ

ಗಂಗಾವತಿ ಟಂಟಂ:

ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿಯವನು. ಟಂಟಂ ಓಡಿಸುತ್ತೇನೆ, ಸೀಜನ್ನಿನಲ್ಲಿ ಭತ್ತದ ಚೀಲ ಹೊಡೆಯುತ್ತೇನೆ. ಇಷ್ಟುದ್ದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ತಿದ್ದಿಕೊಂಡು ಓದಿ.

ಬಳ್ಳಾರಿಯಲ್ಲಿ ಸುಟ್ಟ ಗಾಯದವರ ವಾರ್ಡಿಗೆ ಮಂಗಳವಾರ, ಶುಕ್ರವಾರ ಒಬ್ಬ ಅಕ್ಕ ಬರುತ್ತಿದ್ದರು. ಕೈಯಲ್ಲಿ ನೀಲಿ ವೈರಿನ ಬುಟ್ಟಿ. ಕುತ್ತಿಗೆಯಿಂದ ಎಡಗೈ ತನಕ ಹಳೇ ಸುಟ್ಟ ಕಲೆ, ಎಡಗಿವಿ ಅರ್ಧ ಇಲ್ಲ. ಸೆರಗಿನಲ್ಲಿ ಅದನ್ನು ಮುಚ್ಚಿಕೊಳ್ಳುತ್ತಿರಲಿಲ್ಲ. ಹೆಸರು ಇಲ್ಲಿ ಬರೆಯುವುದಿಲ್ಲ, ಮನೆಯವರು ಬೇಡ ಅಂದಿದ್ದಾರೆ. ಆ ವಾರ್ಡಿನಲ್ಲಿ ಒಂದು ವಾರ ಇದ್ದವರಿಗೂ ಯಾರು ಅಂತ ಗೊತ್ತಾಗಿರುತ್ತೆ. ಹೋದ ಶ್ರಾವಣದಲ್ಲಿ ತೀರಿಕೊಂಡರು. ಈ ಶ್ರಾವಣಕ್ಕೆ ವರ್ಷವಾಗುತ್ತೆ.

ನನಗೆ ಅವರು ಹೇಗೆ ಗೊತ್ತು ಅಂತ ಹೇಳುತ್ತೇನೆ. 2019ರಲ್ಲಿ ನನ್ನ ಮಗನಿಗೆ ಏಳು ವರ್ಷ. ಒಂದು ರೈಸ್ ಮಿಲ್ಲಿನ ಹಿಂದೆ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಬಾಲು ಬೂದಿ ಗುಡ್ಡೆಗೆ ಹೋಯಿತು. ನಮ್ಮ ಕಡೆಯವರಿಗೆ ಗೊತ್ತು, ಮಿಲ್ಲಿನ ಬಾಯ್ಲರಿಗೆ ಭತ್ತದ ಹೊಟ್ಟು ಹಾಕುತ್ತಾರೆ, ಉಳಿದ ಬೂದಿ ತಂದು ಹೊರಗೆ ಸುರಿಯುತ್ತಾರೆ. ಮೇಲೆ ಮುಟ್ಟಿದರೆ ತಣ್ಣಗಿರುತ್ತೆ. ಒಳಗೆ ಮೂರು ನಾಲ್ಕು ದಿನ ಕೆಂಡ ಇರುತ್ತೆ. ಬಾಯ್ಲರ್ ನೋಡಿಕೊಳ್ಳುವ ಒಬ್ಬರು ಆಮೇಲೆ ನನಗೆ ಹೇಳಿದರು, ಈ ಬೂದಿ ಬಿಸಿಯನ್ನು ಹೊರಗೆ ಬಿಡುವುದೇ ಇಲ್ಲವಂತೆ. ಉಕ್ಕಿನ ಕಾರ್ಖಾನೆಯಲ್ಲಿ ಕರಗಿದ ಉಕ್ಕು ಆರಬಾರದು ಅಂತ ಮೇಲೆ ಹೊದಿಸುವುದೂ ಇದನ್ನೇ. ನನ್ನ ಮಗ ಬಾಲು ತರಲು ಓಡಿ ಮೊಣಕಾಲು ತನಕ ಹೂತುಹೋದ. ಎರಡೂ ಕಾಲು, ಊರಿದ ಬಲಗೈ, ಎಲ್ಲ ಸುಟ್ಟಿತು.

ನಾವು ಮಾಡಿದ್ದು ಏನು ಗೊತ್ತಾ? ಪಕ್ಕದ ಮನೆಯಿಂದ ಟೂತ್‌ಪೇಸ್ಟ್ ತಂದು ಬಳಿದೆವು. ಇನ್ನೊಬ್ಬರು ಇಂಕು ಹಚ್ಚಿದರು. ನೀರು ಹಾಕಬೇಡಿ, ಗುಳ್ಳೆ ಏಳುತ್ತೆ ಅಂದರು. ಹಾಕಲಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ನಲ್ಲಿ ಇತ್ತು. ಇವತ್ತಿಗೂ ಆ ನಲ್ಲಿ ಕಂಡರೆ ನನಗೆ ಹೊಟ್ಟೆ ಉರಿಯುತ್ತೆ.

ಬಳ್ಳಾರಿಗೆ ಬಂದು ನಾಲ್ಕನೇ ದಿನ. ಮಗನಿಗೆ ಮೊಣಕಾಲಿನ ಹಿಂಭಾಗ ತುಂಬಾ ನೋವು. ಕಾಲು ಮಡಚಿದರೆ ಸ್ವಲ್ಪ ಆರಾಮ. ನನ್ನ ಹೆಂಡತಿ ಮನೆಯಿಂದ ತಂದ ದಿಂಬನ್ನು ಮೊಣಕಾಲ ಕೆಳಗೆ ಇಟ್ಟಿದ್ದಳು. ಅಕ್ಕ ಬಂದರು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಸೀದಾ ಬಂದು, "ಯವ್ವಾ, ಆ ದಿಂಬು ತಗಿ" ಅಂದರು. ಹೆಂಡತಿ ತೆಗೆಯಲಿಲ್ಲ. ಅವರೇ ಮೆಲ್ಲಗೆ ಒಂದು ಕೈ ಕಾಲ ಕೆಳಗೆ ಕೊಟ್ಟು ಇನ್ನೊಂದು ಕೈಯಲ್ಲಿ ದಿಂಬು ಎಳೆದರು. ಮಗ ವಾರ್ಡು ಹಾರಿಹೋಗುವಂತೆ ಕಿರುಚಿದ. ನನಗೆ ಸಿಟ್ಟು ನೆತ್ತಿಗೇರಿತು. ಯಾರಮ್ಮಾ ನೀನು ಅಂದುಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ತಮ್ಮ ಕುತ್ತಿಗೆ ತೋರಿಸಿದರು. "ತಮ್ಮಾ, ನಂಗೂ ಹಿಂಗ ನಮ್ಮವ್ವ ದಿಂಬು ಕೊಟ್ಟಿದ್ಲು. ಪ್ರೀತಿಯಿಂದ್ಲೇ ಕೊಟ್ಲು. ಮೂರು ತಿಂಗಳಿಗೆ ಗದ್ದ ಬಂದು ಎದಿಗೆ ಅಂಟಿತು. ಆಕಾಶ ನೋಡಬೇಕಂದ್ರ ಗ್ವಾಡಿಗೆ ಒರಗಿ ಹಿಂದಕ್ಕ ಬಾಗಬೇಕಿತ್ತು. ನಂಗ ಯಾರೂ ಹೇಳಲಿಲ್ಲ. ನಿಂಗ ನಾ ಹೇಳಾಕತ್ತೀನಿ."

ಅವರಿಗೆ ಹತ್ತೊಂಬತ್ತು ವರ್ಷ ಇದ್ದಾಗ ಪಂಪ್ ಸ್ಟವ್ ಸಿಡಿದಿತ್ತಂತೆ. ಕುತ್ತಿಗೆ ಬಿಡಿಸಲು ಆಮೇಲೆ ಎರಡು ಆಪರೇಷನ್ ಆಯಿತು. ಸುಟ್ಟ ಚರ್ಮ ಒಣಗುತ್ತಾ ಎಳೆದುಕೊಳ್ಳುತ್ತೆ, ಯಾವ ಕಡೆ ಮಡಚಿಟ್ಟಿದ್ದೀವೋ ಆ ಕಡೆಗೇ ಬಿಗಿಯಾಗುತ್ತೆ. ಇದನ್ನು ಡಾಕ್ಟರೂ ಹೇಳಿದ್ದರು, ಇಂಗ್ಲಿಷ್ ಶಬ್ದದಲ್ಲಿ. ನನಗೆ ತಲೆಗೆ ಹೋಗಿರಲಿಲ್ಲ. ಅಕ್ಕನ ಕುತ್ತಿಗೆ ನೋಡಿದ ಮೇಲೆ ಹೋಯಿತು.

ಆ ದಿನದಿಂದ ಮಗನ ಕಾಲು ನೆಟ್ಟಗೆ ಇಟ್ಟು ಪಟ್ಟಿ ಕಟ್ಟಿದೆವು. ಈಗ ಅವನಿಗೆ ಹದಿಮೂರು. ಕುಕ್ಕರುಗಾಲಿನಲ್ಲಿ ಕೂರುತ್ತಾನೆ, ಸೈಕಲ್ ತುಳಿಯುತ್ತಾನೆ.

ವರ್ಷದ ದಿನಕ್ಕೆ ಮನೆಯವರು ಊಟ ಹಾಕಿಸುತ್ತಾರೆ, ಅದು ಅವರದು. ವಾರ್ಡಿನಿಂದ ಹೊರಗೆ ಬಂದ ನಾವೆಲ್ಲ ಸೇರಿ ಏನಾದರೂ ಮಾಡಬೇಕು ಅಂತ ನನ್ನ ಆಸೆ. ಅವರನ್ನು ಬಲ್ಲವರು ಇಲ್ಲಿ ಇದ್ದೀರಾ? ನಿಮಗೆ ಅವರು ಏನು ಮಾಡಿದರು? ಏನು ಮಾಡಿದರೆ ಅವರಿಗೆ ಸರಿ ಅನಿಸುತ್ತಿತ್ತು?

ಬಳ್ಳಾರಿ ನೈಟ್ ಡ್ಯೂಟಿ:

ಅಣ್ಣಾ, ನೀವು ಬರೆದದ್ದು ಓದಿ ಡ್ಯೂಟಿ ರೂಮಿನಲ್ಲಿ ಕೂತು ಅತ್ತೆ. ನಾನು ಸ್ಟಾಫ್ ನರ್ಸ್. ಹನ್ನೊಂದು ವರ್ಷ ಅವರನ್ನು ನೋಡಿದ್ದೇನೆ.

ಜನ ಅವರ ಬಗ್ಗೆ ಗಮನಿಸದ ಒಂದು ವಿಷಯ ಹೇಳುತ್ತೇನೆ. ಅವರು ಯಾರಿಗೂ "ಹೇಗೆ ಸುಟ್ಟಿತು?" ಅಂತ ಕೇಳಿದ್ದನ್ನು ನಾನು ಕೇಳಿಲ್ಲ. ಆ ಮಂಚದ ಹತ್ತಿರ ಬರುವ ಪ್ರತಿಯೊಬ್ಬರೂ ಮೊದಲು ಕೇಳುವುದೇ ಅದು. ನೆಂಟರು, ಪೊಲೀಸರು, ನಾವು, ಪಕ್ಕದ ಮಂಚದವರು. ಹೆಣ್ಣುಮಕ್ಕಳಾದರೆ ಆ ಪ್ರಶ್ನೆಗೆ ಉತ್ತರ ಕೊಡುವುದೇ ಇನ್ನೊಂದು ಗಾಯ. ಅಕ್ಕ ಕೇಳುತ್ತಿದ್ದದ್ದು ಎರಡೇ: "ರಾತ್ರಿ ನಿದ್ದಿ ಬಂತಾ? ತುರಿಕಿ ಐತಾ?" ಅಷ್ಟೇ. ಗಾಯ ಮಾಯುವಾಗ ಆಗುವ ತುರಿಕೆ ಎಂಥದ್ದು ಅಂತ ಸುಟ್ಟುಕೊಂಡವರಿಗೇ ಗೊತ್ತು. ನೋವಿಗಿಂತ ಜಾಸ್ತಿ ಅನ್ನುತ್ತಾರೆ. ಯಾರೂ ಕೇಳದ ಆ ಮಾತು ಕೇಳಿದ ತಕ್ಷಣ ರೋಗಿ ಅವರ ಕಡೆ ತಿರುಗಿ ನೋಡುತ್ತಿದ್ದರು.

ಬುಟ್ಟಿಯಲ್ಲಿ ಬೇಯಿಸಿದ ತತ್ತಿ, ಶೇಂಗಾ ಉಂಡಿ ಇರುತ್ತಿದ್ದವು. ನಮ್ಮ ಜನಕ್ಕೆ ನಂಜಿನ ಭಯ. ಗಾಯ ಇದ್ದಾಗ ತತ್ತಿ ಬೇಡ, ಬದನೆಕಾಯಿ ಬೇಡ, ಬೇಳೆ ಬೇಡ ಅಂತ ಬರೀ ಗಂಜಿ ಕುಡಿಸುತ್ತಾರೆ. ಸುಟ್ಟ ಮೈಗೆ ಹೊಸ ಚರ್ಮ ಹುಟ್ಟಬೇಕು ಅಂದರೆ ಮಾಮೂಲಿಗಿಂತ ಎಷ್ಟೋ ಜಾಸ್ತಿ ಊಟ ಬೇಕು, ಅದರಲ್ಲೂ ಪ್ರೋಟೀನ್ ಬೇಕು. ನಾವು ದಿನಾ ಹೇಳಿ ಸೋತಿದ್ದೇವೆ. ಅಕ್ಕ ಎದುರಿಗೆ ಕೂತು ತತ್ತಿಯ ಸಿಪ್ಪೆ ಬಿಡಿಸಿ, ಅರ್ಧ ತಾವು ತಿಂದು, ಅರ್ಧ ಕೊಡುತ್ತಿದ್ದರು. "ನಂಜಾದ್ರ ಇಬ್ರಿಗೂ ಆಗ್ಲಿ" ಅಂತ. ತಿನ್ನುತ್ತಿದ್ದರು.

ಇನ್ನು ಕನ್ನಡಿ. ವಾರ್ಡಿನಲ್ಲಿ ಕನ್ನಡಿ ಇಡುವುದಿಲ್ಲ. ಅಕ್ಕನ ಬುಟ್ಟಿಯ ತಳದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಸಣ್ಣ ಕನ್ನಡಿ ಇತ್ತು, ಅಂಗೈ ಅಗಲದ್ದು. ತಾವಾಗಿ ಯಾವತ್ತೂ ತೆಗೆದಿಲ್ಲ. ಕೇಳಿದವರಿಗೂ ಕೂಡಲೇ ಕೊಟ್ಟಿಲ್ಲ. ಮೊದಲು ಕೈ ತೋರಿಸು, ಆಮೇಲೆ ಗದ್ದ, ಆಮೇಲೆ ಪೂರ್ತಿ ಅನ್ನುತ್ತಿದ್ದರು. ಒಂದು ಸಲ ಒಬ್ಬ ಹುಡುಗಿ ಕನ್ನಡಿ ಹಿಡಿದು ಅರ್ಧ ಗಂಟೆ ಸುಮ್ನೆ ಕೂತಿದ್ದಳು. ಅಕ್ಕನೂ ಅರ್ಧ ಗಂಟೆ ಸುಮ್ನೆ ಕೂತರು. ಸಮಾಧಾನದ ಒಂದು ಮಾತೂ ಆಡಲಿಲ್ಲ. ಕಡೆಗೆ ಹುಡುಗಿಯೇ, "ಹುಬ್ಬು ಬರ್ತಾವೇನಕ್ಕ?" ಅಂದಳು.

ಅವರ ಕೊನೆಯ ಆಸೆ ಒಂದು ಉಳಿದುಹೋಯಿತು, ಅದನ್ನೂ ಹೇಳಿಬಿಡುತ್ತೇನೆ. ಅಕ್ಕ ಚರ್ಮದಾನಕ್ಕೆ ಬರೆದುಕೊಟ್ಟಿದ್ದರು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ಬ್ಯಾಂಕ್ ಶುರುವಾಯಿತಲ್ಲ, ಅಲ್ಲಿಗೆ. ಸತ್ತ ಮೇಲೆ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ತೆಳ್ಳಗೆ ಮೇಲಿನ ಪದರ ಮಾತ್ರ ತೆಗೆಯುತ್ತಾರೆ. ದೇಹ ವಿಕಾರ ಆಗುವುದಿಲ್ಲ. ರಕ್ತದ ಗುಂಪು ಹೊಂದಬೇಕು ಅಂತಲೂ ಇಲ್ಲ. ಗ್ಲಿಸರಾಲಿನಲ್ಲಿ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮೈಯೆಲ್ಲ ಸುಟ್ಟವರಿಗೆ ಅವರದೇ ಚರ್ಮ ತೆಗೆಯಲು ಜಾಗ ಇರುವುದಿಲ್ಲ. ಆಗ ಇದನ್ನು ಹೊದಿಸುತ್ತಾರೆ. ಕೆಲವು ವಾರಕ್ಕೆ ಬಿದ್ದುಹೋಗುತ್ತೆ, ಆದರೆ ಆ ಕೆಲವು ವಾರದಲ್ಲೇ ಜೀವ ಉಳಿಯುವುದು. ಅಕ್ಕನ ತೊಡೆಯ ಚರ್ಮ ಅವರ ಕುತ್ತಿಗೆಗೇ ಹೋಗಿತ್ತು. "ಬೆನ್ನು ಐತಲ್ಲ, ಬೆನ್ನಿಗೆ ಏನೂ ಆಗಿಲ್ಲ" ಅನ್ನುತ್ತಿದ್ದರು.

ರಾತ್ರಿ ಹನ್ನೊಂದಕ್ಕೆ ಜೀವ ಹೋಯಿತು. ಅಳುವ ಮನೆ. ಫಾರಂ ನೆನಪಾಗಿದ್ದು ಬೆಳಗಿನ ಜಾವ. ಬೆಂಗಳೂರು ಇಲ್ಲಿಂದ ಮುನ್ನೂರು ಕಿಲೋಮೀಟರ್ ಮೇಲೆ. ಕಣ್ಣು ಮಾತ್ರ ಕೊಟ್ಟೆವು. ಬೆನ್ನು ಹಾಗೇ ಮಣ್ಣಿಗೆ ಹೋಯಿತು.

ಸಿಂಧನೂರಿನವಳು:

ಆ ಹುಬ್ಬು ಕೇಳಿದ ಹುಡುಗಿ ನಾನೇ ಇರಬೇಕು ಸಿಸ್ಟರ್. ಇಲ್ಲದಿದ್ದರೂ ನಾನೂ ಅದನ್ನೇ ಕೇಳಿದ್ದೆ. ಬರಲಿಲ್ಲ. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳುತ್ತೇನೆ.

ಗ್ಯಾಸ್ ಲೀಕ್ ಆಗಿ ಮುಖ, ಎರಡೂ ಕೈ ಸುಟ್ಟಿತ್ತು. ಡಿಸ್ಚಾರ್ಜ್ ಆಗಿ ಊರಿಗೆ ಬಂದ ಮೇಲೆ ಎಂಟು ತಿಂಗಳು ಮನೆ ಹೊಸಿಲು ದಾಟಿರಲಿಲ್ಲ. ಅಕ್ಕ ಬಳ್ಳಾರಿಯಿಂದ ಬಸ್ಸು ಹತ್ತಿ ಬಂದರು. ಬಂದವರು ಊಟ ಮಾಡಿದರು, "ಸಂತಿಗೆ ಹೋಗಿ ಉಳ್ಳಾಗಡ್ಡಿ ತರೋಣ ನಡಿ" ಅಂದರು. ನಾನು ಮುಖಕ್ಕೆ ವೇಲ್ ಸುತ್ತಿಕೊಂಡೆ. ಅವರು ಬೇಡ ಅನ್ನಲಿಲ್ಲ. ಸಂತೆಯಲ್ಲಿ ಒಬ್ಬ ಹೆಂಗಸು ಅಕ್ಕನ ಮುಖವನ್ನೇ ದಿಟ್ಟಿಸಿ ನೋಡಿದಳು. ಅಕ್ಕ ಅವಳಿಗೆ, "ಸ್ಟವ್ ಸಿಡಿದಿತ್ತವ್ವ, ಈಗ ಆರಾಮದೀನಿ. ಉಳ್ಳಾಗಡ್ಡಿ ಹ್ಯಾಂಗ ಕೆಜಿ?" ಅಂದರು. ಅಷ್ಟೇ. ಆ ಹೆಂಗಸು ರೇಟು ಹೇಳಿದಳು. ಒಂದು ಮುಷ್ಟಿ ಕೊತ್ತಂಬರಿ ಪುಕ್ಕಟೆ ಹಾಕಿದಳು. ಎರಡನೇ ಸಂತೆಗೆ ನಾನು ಅದೇ ಮಾತು ಬಾಯಿಪಾಠ ಮಾಡಿಕೊಂಡು ಹೋದೆ. "ಗ್ಯಾಸ್ ಲೀಕ್ ಆಗಿತ್ತು, ಈಗ ಆರಾಮದೀನಿ, ಬದನಿಕಾಯಿ ಹ್ಯಾಂಗ?" ನಾಲಿಗೆ ತೊದಲಿತು. ಆದರೂ ಹೇಳಿದೆ.

ಇದು ಮನಸ್ಸಿನ ಮಾತಾಯಿತು. ಅಕ್ಕ ಕಾಗದದ ಕೆಲಸದಲ್ಲೂ ಬಿಡುತ್ತಿರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ಆಸಿಡ್ ದಾಳಿಗೆ ಒಳಗಾದವರು ಅದರಲ್ಲಿ ಬರುತ್ತಾರೆ. ಬರಲೇಬೇಕು. ಆಸಿಡ್ ದಾಳಿಗೆ ಕನಿಷ್ಠ 3 ಲಕ್ಷ ಪರಿಹಾರ ಅಂತ ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಆದರೆ ಸ್ಟವ್ವು, ಗ್ಯಾಸು, ಬಿಸಿ ಎಣ್ಣೆ, ಕರೆಂಟಿನಿಂದ ಮುಖ ಸುಟ್ಟವರು ಆ ಪಟ್ಟಿಯಲ್ಲಿ ಇಲ್ಲ. ನಾನು ಒಂದು ಆಫೀಸಿಗೆ ಹೋದಾಗ ಅಲ್ಲಿದ್ದವರು, "ನಿನ್ನದು ಬೆಂಕಿ, ಆಸಿಡ್ ಅಲ್ಲವಲ್ಲ" ಅಂತ ಅರ್ಜಿ ವಾಪಸ್ ಕೊಟ್ಟರು. ಮುಖ ಮುಖವೇ ಅಲ್ವಾ? ಅಕ್ಕ ನನ್ನನ್ನು ಕರೆದುಕೊಂಡು ಮತ್ತೆ ಹೋದರು. "ಮುಖ ಬಿಡ್ರಿ ಸರ, ಕೈ ನೋಡ್ರಿ" ಅಂದರು. ನನ್ನ ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ, ಎಡಗೈ ಹೆಬ್ಬೆರಳು ಹೊರಗೆ ಬರುವುದಿಲ್ಲ. ಡಾಕ್ಟರು ಹಿಡಿತ ಅಳೆದರು, ಬೆರಳಿನ ಕೋನ ಅಳೆದರು. ಅಂಗವೈಕಲ್ಯ ಶೇಕಡಾ 40 ದಾಟಿತು. ಅಂಗವಿಕಲರ ಕಾರ್ಡು ಬಂತು. ಆ ಕಾರ್ಡಿನ ಮೇಲೆ ಇವತ್ತು ನನಗೆ ಕೆಲಸ ಇದೆ.

ಆದರೆ ಅಕ್ಕ ಅವತ್ತು ಬಸ್ಸಿನಲ್ಲಿ ಖುಷಿಯಾಗಿರಲಿಲ್ಲ. "ಕೈ ಸುಡದೆ ಬರೀ ಮುಖ ಸುಟ್ಟಾಕಿ ಬಂದ್ರ ನಾ ಏನ್ ತೋರಿಸಲಿ?" ಅಂದರು. ಅದನ್ನೇ ಬರೆದು ಡಿಸಿ ಆಫೀಸಿಗೆ ಮೂರು ಸಲ ಅರ್ಜಿ ಕೊಟ್ಟಿದ್ದಾರೆ. ಜೆರಾಕ್ಸ್ ನನ್ನ ಹತ್ತಿರ ಇವೆ.

ಕುಷ್ಟಗಿ ಹೊಸಬ:

ನನಗೆ ಅವರು ಗೊತ್ತಿಲ್ಲ. ಓದಿ ಕೈ ಮುಗಿಯಬೇಕು ಅನ್ನಿಸಿತು. ಆಸ್ಪತ್ರೆ ಗೇಟಿನ ಹತ್ತಿರ ಅವರ ಹೆಸರಿನಲ್ಲಿ ಒಂದು ಗ್ರಾನೈಟ್ ಬೆಂಚು ಹಾಕಿಸಿದರೆ ಹೇಗೆ? ಇಳಕಲ್ ಕಲ್ಲು ಇಲ್ಲೇ ಹತ್ತಿರ, ಕಡಿಮೆ ರೇಟಿನಲ್ಲಿ ನಾನು ಕೊಡಿಸುತ್ತೇನೆ.

ಇನ್ನೊಂದು ಪ್ರಶ್ನೆ. ಪೇಸ್ಟು ಇಂಕು ಬೇಡ ಅಂದಿರಿ, ಸರಿ. ಐಸ್ ಹಾಕಬಹುದಾ? ನಮ್ಮ ಮನೆಯಲ್ಲಿ ಸಣ್ಣ ಮಗು ಇದೆ.

ಬಳ್ಳಾರಿ ನೈಟ್ ಡ್ಯೂಟಿ:

ಐಸ್ ಬೇಡವೇ ಬೇಡ. ಐಸು ಚರ್ಮವನ್ನು ಇನ್ನಷ್ಟು ಕೆಡಿಸುತ್ತೆ. ಮಾಮೂಲಿ ನಲ್ಲಿ ನೀರು, ಸಣ್ಣಗೆ ಹರಿಯುವಂತೆ, 20 ನಿಮಿಷ. ಗಡಿಯಾರ ನೋಡಿಕೊಂಡು 20. ಎರಡು ನಿಮಿಷಕ್ಕೆ ಮಗು ಅತ್ತಿತು ಅಂತ ನಿಲ್ಲಿಸಬೇಡಿ. ನಮ್ಮ ಬೇಸಿಗೆಯಲ್ಲಿ ಸಿಂಟೆಕ್ಸ್ ನೀರು ಕಾದಿರುತ್ತೆ, ಅದು ಬೇಡ. ಕೊಡದ ನೀರು, ಮಡಕೆ ನೀರು ಸುರಿಯಿರಿ. ಬಳೆ, ಉಂಗುರ, ಉಡದಾರ ಮೊದಲೇ ಬಿಚ್ಚಿ, ಆಮೇಲೆ ಊದಿಕೊಳ್ಳುತ್ತೆ. ಅಂಟಿದ ಬಟ್ಟೆ ಕೀಳಬೇಡಿ. ತೊಳೆದ ಬಟ್ಟೆ ಸಡಿಲವಾಗಿ ಹೊದಿಸಿ ಕರೆತನ್ನಿ. ಗುಳ್ಳೆ ಏಳುವುದು ಬೆಂಕಿಯಿಂದ, ನೀರಿನಿಂದ ಅಲ್ಲ.

ಕೌಲ್ ಬಜಾರ್ ಟೈಲರ್:

ನಾನು ಜೀನ್ಸ್ ಹೊಲಿಯುವವನು. ಅಕ್ಕ ನಮ್ಮ ಶೆಡ್ಡಿಗೆ ಬಂದು ಮೈಗೆ ಅಂಟುವ ಒಂದು ಬಿಗಿ ತೋಳು ತೋರಿಸಿ, "ಇದನ್ನ ಹೊಲೀತೀಯಾ ತಮ್ಮಾ?" ಅಂದರು. ಗಾಯ ಮಾಯ್ದ ಮೇಲೆ ಕಲೆ ಹಗ್ಗದಂತೆ ಉಬ್ಬಬಾರದು ಅಂತ ಹಾಕುವ ಬಟ್ಟೆ. ದಿನಕ್ಕೆ 23 ಗಂಟೆ ಮೈಮೇಲೆ ಇರಬೇಕು. ವರ್ಷ, ಕೆಲವರಿಗೆ ಎರಡು ವರ್ಷ. ಎರಡು ಮೂರು ತಿಂಗಳಿಗೆ ಎಲಾಸ್ಟಿಕ್ ಸತ್ತುಹೋಗುತ್ತೆ, ಮತ್ತೆ ಹೊಸದು ಬೇಕು. ಒಗೆಯಲು ಹಾಕಿದಾಗ ಹಾಕಿಕೊಳ್ಳಲು ಇನ್ನೊಂದು ಜೊತೆ ಬೇಕು. ಹೊರಗಿನಿಂದ ತರಿಸಿದರೆ ಕೂಲಿ ಮಾಡುವವರ ಕೈಗೆ ಎಟುಕುವುದಿಲ್ಲ.

ಮೊದಲು ನಾನು ಹೊಲಿದದ್ದು ಮೂರು ಸಲ ವಾಪಸ್ ಬಂತು. ಒಳಗಿನ ಹೊಲಿಗೆ ಹೊಸ ಚರ್ಮಕ್ಕೆ ಉಜ್ಜುತ್ತಿತ್ತು. ಅಕ್ಕ ತಮ್ಮ ಎಡಗೈಗೇ ಹಾಕಿಕೊಂಡು ಒಂದು ದಿನ ಓಡಾಡಿ, ಎಲ್ಲಿ ಕೆಂಪಾಯಿತು ಅಂತ ಬಂದು ತೋರಿಸಿದರು. ಆಮೇಲೆ ಓವರ್‌ಲಾಕ್ ಹೊಲಿಗೆ ಹೊರಗಡೆ ಬರುವಂತೆ ಮಾಡಿದೆ. ಅಳತೆ ಮಾತ್ರ ಫಿಸಿಯೋ ಮೇಡಂ ಬರೆದುಕೊಡಬೇಕು, ನಾನು ಅಂದಾಜಿನಲ್ಲಿ ಹೊಲಿಯುವುದಿಲ್ಲ. ಬಿಗಿ ಜಾಸ್ತಿಯಾದರೆ ರಕ್ತ ನಿಲ್ಲುತ್ತೆ.

ಬಟ್ಟೆ ಖರ್ಚು ನೀವೆಲ್ಲ ನೋಡಿಕೊಳ್ಳಿ. ಹೊಲಿಗೆ ನನ್ನದು. ದುಡ್ಡು ಬೇಡ.

ಸಿಂಧನೂರಿನವಳು:

ಕುಷ್ಟಗಿ ಅಣ್ಣಾ, ಬೇಜಾರಾಗಬೇಡಿ. ಬೆಂಚು ಬೇಡ ಅನ್ನಿಸುತ್ತೆ ನನಗೆ. ಅಕ್ಕ ಗೇಟಿನ ಹತ್ತಿರ ಯಾವತ್ತೂ ಕೂತವರಲ್ಲ. ಒಳಗೇ ಬರುತ್ತಿದ್ದರು.

ಅವರ ಮನೆಯಲ್ಲಿ ಗೋಡೆಗೆ ಒಂದೇ ಒಂದು ಪೇಪರ್ ಕಟಿಂಗ್ ಅಂಟಿಸಿದ್ದರು. 2024ರ ಜನವರಿಯದು. ಡಾ. ಪ್ರೇಮಾ ಧನರಾಜ್ ಅವರಿಗೆ ಪದ್ಮಶ್ರೀ ಬಂದ ಸುದ್ದಿ. ಬೆಂಗಳೂರಿನವರು. ಎಂಟನೇ ವಯಸ್ಸಿನಲ್ಲಿ ಸ್ಟವ್ ಸಿಡಿದು ಮುಖ, ಕುತ್ತಿಗೆ ಸುಟ್ಟಿತ್ತು. ಚಿಕಿತ್ಸೆ ಪಡೆದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲೇ ಮುಂದೆ ಪ್ಲಾಸ್ಟಿಕ್ ಸರ್ಜರಿ ವಿಭಾಗದ ಮುಖ್ಯಸ್ಥರಾದರು. 1999ರಲ್ಲಿ ಸುಟ್ಟ ಗಾಯದವರಿಗಾಗಿ 'ಅಗ್ನಿ ರಕ್ಷಾ' ಶುರು ಮಾಡಿದರು. ಅಕ್ಕ ಆರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಆ ಕಟಿಂಗ್ ತೋರಿಸಿ ನನಗೆ ಹೇಳಿದ್ದರು: "ನೋಡು, ಇವ್ರಿಗೂ ಸ್ಟವ್ವೇ. ಇವ್ರು ಚಾಕು ಹಿಡಿದ್ರು. ನಂಗ ಚಾಕು ಹಿಡಿಯಾಕ ಬರೂದಿಲ್ಲ, ದಿಂಬು ತಗಿಯಾಕ ಬರ್ತದ."

ನನ್ನ ಲೆಕ್ಕದಲ್ಲಿ ಮಂಗಳವಾರ ಮತ್ತು ಶುಕ್ರವಾರ ಖಾಲಿ ಇವೆ. ಅದೇ ದೊಡ್ಡ ಕೆಲಸ. ನಾನು ತಿಂಗಳಿಗೆ ಎರಡು ಶುಕ್ರವಾರ ಬರುತ್ತೇನೆ. ಮುಖ ಮುಚ್ಚಿಕೊಳ್ಳದೇ ಬರುತ್ತೇನೆ.

ಗಂಗಾವತಿ ಟಂಟಂ:

ಎಲ್ಲರದೂ ಎರಡೆರಡು ಸಲ ಓದಿದೆ. ಹೆಂಡತಿಗೂ ಓದಿ ಹೇಳಿದೆ. ದಿಂಬಿನ ಮಾತು ಬಂದಾಗ ಅವಳು ಎದ್ದು ಒಳಗೆ ಹೋದಳು.

ಹೀಗೆ ಮಾಡೋಣ. ವಾರ್ಡಿನಲ್ಲಿ ಒಂದು ಬೀರು. ಅದರಲ್ಲಿ ಟೈಲರ್ ಅಣ್ಣ ಹೊಲಿದ ಬಟ್ಟೆ, ಯಾವ ಅಳತೆ ಬೇಕು ಅಂತ ಸಿಸ್ಟರ್ ಮತ್ತು ಫಿಸಿಯೋ ಮೇಡಂ ಹೇಳಲಿ. ಬಟ್ಟೆಯ ಮೊದಲ ಥಾನಿನ ದುಡ್ಡು ನನ್ನದು. ಕುಷ್ಟಗಿ ಅಣ್ಣಾ, ನೀವು ಬೀರು ಕೊಡಿಸುತ್ತೀರಾ? ಮಂಗಳವಾರ ನಾನು ಹೋಗುತ್ತೇನೆ. ನನ್ನ ಮೈಮೇಲೆ ಕಲೆ ಇಲ್ಲ, ನನ್ನ ಮಾತು ಕೇಳುತ್ತಾರೋ ಇಲ್ಲವೋ. ಮಗ ಶಾಲೆಗೆ ರಜೆ ಇದ್ದಾಗ ಜೊತೆಗೆ ಬರುತ್ತೇನೆ ಅಂದಿದ್ದಾನೆ. ಕಾಲು ತೋರಿಸುತ್ತಾನಂತೆ. ಸಿಂಧನೂರು ತಂಗಿ, ಆ ಜೆರಾಕ್ಸ್ ಜೋಪಾನ. ನಾಲ್ಕನೇ ಅರ್ಜಿಗೆ ನಾವೆಲ್ಲ ಸಹಿ ಹಾಕೋಣ. ಚರ್ಮದಾನದ ಫಾರಂ ಮನೆ ಬಾಗಿಲ ಹಿಂದೆ ಅಂಟಿಸಬೇಕು ಅಂತ ನಾನೂ ಹೆಂಡತಿಯೂ ಮಾತಾಡಿಕೊಂಡೆವು, ರಾತ್ರಿ ಹನ್ನೊಂದಾದರೂ ಕಣ್ಣಿಗೆ ಬೀಳುವಂತೆ.

ಇನ್ನೊಂದು ನಮ್ಮೂರಿನದು. ಅಕ್ಕ ಒಂದು ಸಲ ಗಂಗಾವತಿಗೆ ಬಂದು ನನ್ನ ಟಂಟಂನಲ್ಲೇ ಆರು ಮಿಲ್ಲು ಸುತ್ತಿದ್ದರು. ಬೂದಿಗೆ ನೀರು ಹೊಡೆದು ಸುರಿಯಿರಿ, ಸುತ್ತ ತಂತಿ ಕಟ್ಟಿ, ಬೋರ್ಡು ಹಾಕಿ ಅಂತ ಕೇಳಿದರು. ಇಬ್ಬರು ತಂತಿ ಕಟ್ಟಿಸಿದರು. ಉಳಿದವರು ನೋಡೋಣ ಅಂದರು. ಆ ನಾಲ್ಕು ಕಡೆಗೆ ಬೋರ್ಡು ನಾವೇ ನೆಡೋಣ. ತಗಡು ತಂದಿದ್ದೇನೆ. ಮಗ ನಿನ್ನೆ ರಾತ್ರಿ ಬಲಗೈಯಲ್ಲೇ ಕೆಂಪು ಬಣ್ಣದಲ್ಲಿ ಮೊದಲನೆಯದು ಬರೆದ: "ಮ್ಯಾಲ ಬೂದಿ, ಒಳಗ ಬೆಂಕಿ. ಬಾಲು ಹೋದ್ರ ಹೋಗ್ಲಿ." ಇನ್ನೂ ಮೂರು ಬರೆಯಬೇಕು. ಈ ಭಾನುವಾರ ಬೆಳಗ್ಗೆ ಎಂಟಕ್ಕೆ ಹಮಾಲರ ಕಟ್ಟೆ ಹತ್ತಿರ ಇರುತ್ತೇವೆ. ಗುಂಡಿ ತೋಡಲು ಹಾರೆ ಇದ್ದವರು ತನ್ನಿ.